ದುಡ್ಡು ಯಾರು ಕೊಟ್ಟರು?

ನಮ್ಮ ಬಿ.ಎಡ್. ಕಾಲದಲ್ಲಿ ಶಿಕ್ಷಣದ ಇತಿಹಾಸ ಅಂದರೆ ಊಟ ಆದ ಮೇಲಿನ ಪೀರಿಯಡ್. ನಿದ್ದೆ ಬರದಿದ್ದರೆ ಆಶ್ಚರ್ಯ. ಆದರೆ ಆ ಪಾಠ ಮಾಡುತ್ತಿದ್ದ ಮೇಷ್ಟ್ರು ಯಾರನ್ನೂ ಮಲಗಲು ಬಿಡುತ್ತಿರಲಿಲ್ಲ. ಯಾವ ಶಾಲೆಯ ಹೆಸರು ಬಂದರೂ ಅವರು ಕೇಳುತ್ತಿದ್ದದ್ದು ಎರಡೇ ಪ್ರಶ್ನೆ. ‘ದುಡ್ಡು ಯಾರು ಕೊಟ್ಟರು? ಬದಲಿಗೆ ಏನು ಕೇಳಿದರು?’

ಇಂಗ್ಲೆಂಡಿನ ಬಡಮಕ್ಕಳ ಧರ್ಮಾರ್ಥ ಶಾಲೆಗಳ ಪಾಠವನ್ನು ಅವರು ಹೀಗೇ ಮಾಡಿದರು. 18ನೇ ಶತಮಾನದ ಶುರುವಿನಲ್ಲಿ ಅಲ್ಲಿನ ಊರೂರಲ್ಲಿ ಇಂಥ ಶಾಲೆಗಳು ಎದ್ದವು. ದುಡ್ಡು ಕೊಟ್ಟವರು ಚಂದಾ ಹಾಕಿದ ಉಳ್ಳವರು. ಮಕ್ಕಳಿಗೆ ಓದು ಬಿಟ್ಟಿ, ಬಟ್ಟೆಯೂ ಬಿಟ್ಟಿ, ಎಷ್ಟೋ ಕಡೆ ನೀಲಿ ಕೋಟು. ಬದಲಿಗೆ ಆ ಮಕ್ಕಳು ಅದೇ ಬಟ್ಟೆಯಲ್ಲಿ ಸಾಲಾಗಿ ಚರ್ಚಿಗೆ ನಡೆಯಬೇಕು, ಚಂದಾ ಹಾಕಿದವರ ಕಣ್ಣಿಗೆ ಬೀಳಬೇಕು. ದೊಡ್ಡವರಾದ ಮೇಲೆ ಹುಡುಗರು ಯಾವುದಾದರೂ ಕಸುಬಿಗೆ, ಹುಡುಗಿಯರು ಮನೆಗೆಲಸಕ್ಕೆ.

ಸಾಮರ್ಸೆಟ್‌ನ ಮೆಂಡಿಪ್ ಬೆಟ್ಟದ ಸೀಮೆಯಲ್ಲಿ ಹ್ಯಾನಾ ಮೋರ್ ಎಂಬ ಲೇಖಕಿ 1789ರಿಂದ ನಡೆಸಿದ ಶಾಲೆಗಳಲ್ಲಿ ಇನ್ನೂ ಒಂದು ವಿಚಿತ್ರ ಇತ್ತು. ಬಡಮಕ್ಕಳಿಗೆ ಓದು ಕಲಿಸಬಹುದು, ಬೈಬಲ್ ಓದಲಿ. ಬರವಣಿಗೆ ಮಾತ್ರ ಬೇಡ. ಅಷ್ಟು ಕಲಿಸುವುದೂ ಜಾಸ್ತಿ ಅನ್ನುವವರು ಇದ್ದರು. 1807ರಲ್ಲಿ ಪಾರ್ಲಿಮೆಂಟಿನಲ್ಲಿ ಡೇವಿಸ್ ಗಿಡ್ಡಿ ಎಂಬ ಸದಸ್ಯರು ಎದ್ದು ನಿಂತು, ಬಡವರಿಗೆ ಅಕ್ಷರ ಕಲಿಸಿದರೆ ಅವರು ತಮ್ಮ ಪಾಲಿಗೆ ಬಂದ ಬದುಕನ್ನೇ ಹೀಗಳೆಯುತ್ತಾರೆ, ದೊಡ್ಡವರಿಗೆ ತಿರುಗಿ ಬೀಳುತ್ತಾರೆ ಎಂದರು. ಮೇಷ್ಟ್ರು ಇದನ್ನು ಗಂಭೀರವಾಗಿ ಓದಿ ಹೇಳಿ, ‘ಮನುಷ್ಯ ಸರಿಯಾಗೇ ಲೆಕ್ಕ ಹಾಕಿದ್ದಾನೆ’ ಅಂದಿದ್ದರು.

ನಾವು ನೆಟ್ಟಗೆ ಕೂತು ಕೇಳಿದ್ದು ಮದ್ರಾಸಿನ ಕಥೆ. ಎಗ್ಮೋರಿನಲ್ಲಿ ಸಿಪಾಯಿಗಳ ಅನಾಥ ಗಂಡುಮಕ್ಕಳ ಆಶ್ರಮವೊಂದಿತ್ತು. ಅಪ್ಪ ಯುರೋಪಿನವನು, ತಾಯಿ ಇಲ್ಲಿಯವಳು, ಅಂಥ ಮಕ್ಕಳೇ ಹೆಚ್ಚು. 1789ರಲ್ಲಿ ಅದನ್ನು ನೋಡಿಕೊಳ್ಳಲು ಬಂದವರು ಆಂಡ್ರೂ ಬೆಲ್ ಎಂಬ ಸ್ಕಾಟ್ ಪಾದ್ರಿ. ಒಂದು ದಿನ ದಾರಿಯಲ್ಲಿ ಊರ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದದ್ದನ್ನು ಕಂಡರು. ನಮ್ಮ ಕೂಲಿಮಠಗಳಲ್ಲೂ ಅದೇ ತಾನೇ ನಡೆಯುತ್ತಿದ್ದದ್ದು? ಕಾಗದ ಬೇಡ, ಮಸಿ ಬೇಡ. ಬೆಲ್ ಇದನ್ನು ಆಶ್ರಮದಲ್ಲಿ ಮಾಡಿ ಅಂದರೆ ಅಲ್ಲಿನ ಉಪಾಧ್ಯಾಯರು ಒಪ್ಪಲಿಲ್ಲ. ಕೊನೆಗೆ ಜಾನ್ ಫ್ರಿಸ್ಕೆನ್ ಎಂಬ ಪುಟ್ಟ ಹುಡುಗನನ್ನೇ ಚಿಕ್ಕ ಮಕ್ಕಳಿಗೆ ಪಾಠ ಹೇಳಲು ಕೂರಿಸಿದರು. ಅವನು ಕಲಿಸಿಯೇಬಿಟ್ಟ!

ಬೆಲ್ ಊರಿಗೆ ಮರಳಿ 1797ರಲ್ಲಿ ಇದನ್ನು ಅಚ್ಚು ಹಾಕಿಸಿದರು. ಮರುವರ್ಷ ಲಂಡನ್ನಿನ ಬರೋ ರೋಡಿನಲ್ಲಿ ಜೋಸೆಫ್ ಲಂಕಾಸ್ಟರ್ ಹೆಚ್ಚುಕಮ್ಮಿ ಇಂಥದ್ದೇ ಶಾಲೆ ತೆರೆದರು. ಒಂದೇ ದೊಡ್ಡ ಹಾಲು, ನೂರಾರು ಹುಡುಗರು, ಒಬ್ಬರೇ ಮೇಷ್ಟ್ರು, ಉಳಿದದ್ದೆಲ್ಲ ಮಾನಿಟರ್‌ಗಳ, ಅಂದರೆ ಪಾಠ ಹೇಳುವ ಹುಡುಗರ ಕೆಲಸ. ಚಂದಾ ಕೊಡುವವರಿಗೆ ಇದಕ್ಕಿಂತ ಅಗ್ಗದ ಶಾಲೆ ಸಿಗುತ್ತದೆಯೇ? ಲಂಕಾಸ್ಟರ್ ಹೊಡೆಯುತ್ತಿರಲಿಲ್ಲವಂತೆ. ಹಾಗಂತ ಮೆಚ್ಚಬೇಡಿ. ತಪ್ಪು ಮಾಡಿದವನ ಕೊರಳಿಗೆ ಮರದ ತುಂಡು ಕಟ್ಟುತ್ತಿದ್ದರು, ಬುಟ್ಟಿಯಲ್ಲಿ ಕೂರಿಸಿ ಸೂರಿಗೆ ಎತ್ತುತ್ತಿದ್ದರು. ಮಕ್ಕಳೇ ಮಕ್ಕಳಿಗೆ ಕಲಿಸುವ ಬೆಲ್ ಅವರ ಈ ಕ್ರಮಕ್ಕೆ ಮದ್ರಾಸ್ ಪದ್ಧತಿ ಎಂಬ ಹೆಸರು ಮಾತ್ರ ನಿಂತಿತು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ ಬೆಲ್ ಬಿಟ್ಟುಹೋದ ಹಣದಿಂದ ಕಟ್ಟಿದ ಶಾಲೆಗೆ ಇವತ್ತಿಗೂ ಮದ್ರಾಸ್ ಕಾಲೇಜ್ ಅಂತಲೇ ಹೆಸರು.

ಎರಡನೇ ಪ್ರಶ್ನೆಗೆ ‘ಏನೂ ಕೇಳಲಿಲ್ಲ’ ಎಂಬ ಉತ್ತರ ಬಂದದ್ದು ಒಬ್ಬರ ವಿಷಯದಲ್ಲಿ ಮಾತ್ರ. ಪೋರ್ಟ್ಸ್‌ಮತ್‌ನ ಜಾನ್ ಪೌಂಡ್ಸ್. ಹಡಗುಕಟ್ಟೆಯಲ್ಲಿ ಬಿದ್ದು ಮೈ ಊನವಾಗಿ, ಮೆಟ್ಟು ಹೊಲಿಯುವ ಕಸುಬಿಗೆ ಇಳಿದವರು. ತಮ್ಮ ಇಕ್ಕಟ್ಟಾದ ಅಂಗಡಿಯಲ್ಲೇ ಬೀದಿ ಮಕ್ಕಳನ್ನು ಕೂರಿಸಿಕೊಂಡು ಓದು, ಅಡಿಗೆ, ಚಪ್ಪಲಿ ರಿಪೇರಿ ಎಲ್ಲ ಹೇಳಿಕೊಟ್ಟರು. ಬರಲು ಒಲ್ಲದ ಮಕ್ಕಳಿಗೆ ಸುಟ್ಟ ಆಲೂಗಡ್ಡೆಯ ಆಸೆ ತೋರಿಸುತ್ತಿದ್ದರು. 1839ರಲ್ಲಿ ಅವರು ತೀರಿಕೊಂಡರು. 1844ರಲ್ಲಿ ಲಂಡನ್ನಿನಲ್ಲಿ ಹರಕು ಬಟ್ಟೆಯ ಮಕ್ಕಳ ರ‍್ಯಾಗೆಡ್ ಶಾಲೆಗಳೆಲ್ಲ ಸೇರಿ ಒಂದು ಸಂಘವಾದವು. ಆ ಚಳವಳಿಯವರು ಮೂಲಪುರುಷ ಅಂತ ನೆನೆದವರಲ್ಲಿ ಈ ಪೌಂಡ್ಸ್ ಒಬ್ಬರು. ಇವರ ಪಾಠದ ದಿನ ಮೇಷ್ಟ್ರು ನೋಟ್ಸ್ ಕೊಡಲಿಲ್ಲ. ಸುಮ್ನೆ ಕೇಳಿ ಅಂದರು.

ಇಂಗ್ಲೆಂಡಿನಲ್ಲಿ 1870ರ ಶಿಕ್ಷಣ ಕಾಯ್ದೆ ಬಂತು, ಜನ ಆರಿಸಿದ ಶಾಲಾ ಮಂಡಳಿಗಳು ತೆರಿಗೆ ಹಣದಲ್ಲಿ ಶಾಲೆ ಕಟ್ಟಿದವು. 1891ರ ಹೊತ್ತಿಗೆ ಹೆಚ್ಚಿನ ಕಡೆ ಪ್ರಾಥಮಿಕ ಶಾಲೆಯ ಫೀಸೂ ಹೋಯಿತು. ಎಷ್ಟೋ ಧರ್ಮಾರ್ಥ ಶಾಲೆಗಳು ಒಂದೊಂದಾಗಿ ಮುಚ್ಚಿದವು.

ಆದರೆ ನನಗೆ ಜಾಸ್ತಿ ನಾಟಿದ್ದು ಅನಾಥ ಮಕ್ಕಳ ಆಶ್ರಮಗಳನ್ನು ನಡೆಸಿದ ಬಾರ್ನಾರ್ಡೋ ಅವರ ಕಥೆ. 1877ರಲ್ಲಿ ಲಂಡನ್ನಿನ ಪೂರ್ವ ಭಾಗದಲ್ಲಿ ಕಾಲುವೆ ದಡದ ಗೋದಾಮುಗಳಲ್ಲಿ ದೊಡ್ಡ ಬಿಟ್ಟಿ ಶಾಲೆ ತೆರೆದರು, ಹಸಿದ ಮಕ್ಕಳಿಗೆ ಊಟವನ್ನೂ ಹಾಕಿದರು. ಅದೇ ವರ್ಷ ಅವರ ಮೇಲೆ ವಿಚಾರಣೆಯೂ ನಡೆಯಿತು. ಚಂದಾ ಎತ್ತಲು ಮಕ್ಕಳ ಹಿಂದಿನ ಸ್ಥಿತಿ, ಈಗಿನ ಸ್ಥಿತಿ ಎಂದು ಫೋಟೋ ಮಾರುತ್ತಿದ್ದರು. ಕೆಲವು ಮಕ್ಕಳನ್ನು ಇದ್ದದ್ದಕ್ಕಿಂತ ದರಿದ್ರವಾಗಿ ತೋರಿಸಿದ್ದರಂತೆ. ದೊಡ್ಡ ಆರೋಪಗಳೆಲ್ಲ ಬಿದ್ದುಹೋದವು, ಫೋಟೋ ವಿಷಯದಲ್ಲಿ ಮಾತ್ರ ಛೀಮಾರಿ ಬಿತ್ತು.

ಈಗ ನಾನು ಒಂದು ಸರ್ಕಾರಿ ಶಾಲೆಯ ಹೆಡ್‌ಮಾಸ್ಟರು. ಜೂನ್ ಬಂತು ಅಂದರೆ ಪುಣ್ಯಾತ್ಮರು ನೋಟ್‌ಬುಕ್ಕು, ಬ್ಯಾಗು ತರುತ್ತಾರೆ. ಕೊಡುವ ಮುಂಚೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೋ ಹಿಡಿಯಬೇಕು. ಪುಸ್ತಕದ ಗಂಟಿನ ಪಕ್ಕ ನೀವು ನಿಲ್ಲಿ ಸಾರ್, ನಾನೇ ತೆಗೆಯುತ್ತೇನೆ ಅನ್ನುತ್ತೇನೆ. ಕೆಲವರು ಮುಖ ಸಿಂಡರಿಸುತ್ತಾರೆ. ಕೊಡದೆ ವಾಪಸು ಹೋದವರು ಇನ್ನೂ ಯಾರೂ ಇಲ್ಲ.