ಕಚೇರಿಯ ಕಂಪ್ಯೂಟರಿನ ಮುಂದೆ ನೆನಪಾಗುವ ಮನೆಗೆಲಸಗಳು

ಸ್ವಂತದ ಕೆಲಸಗಳು ನನಗೆ ನೆನಪಾಗುವುದು ಹೆಚ್ಚಾಗಿ ಕಚೇರಿಯ ಕಂಪ್ಯೂಟರಿನ ಮುಂದೆ ಕುಳಿತಾಗಲೇ. ವಿಮೆಯ ಕಂತು ಕಟ್ಟಬೇಕು, ಸೋರುವ ನಲ್ಲಿಗೆ ವಾಷರ್ ತರಬೇಕು, ಗ್ರಂಥಾಲಯದ ಪುಸ್ತಕ ಹಿಂದಿರುಗಿಸಬೇಕು ಎಂಬುದೆಲ್ಲ ಯಾವುದೋ ಸ್ಪ್ರೆಡ್‌ಶೀಟಿನ ನಡುವೆ ಹೊಳೆಯುತ್ತದೆ. ಅವನ್ನು ಮಾಡಬೇಕಾದ ಹೊತ್ತಿಗೆ ಮಾತ್ರ ನಾನು ದಾರಿಯಲ್ಲಿರುತ್ತೇನೆ, ಕೈಯಲ್ಲಿರುವುದು ಮೊಬೈಲ್. ಎರಡೂ ಕಡೆ ಬೇರೆ ಬೇರೆ ಪಟ್ಟಿ ಇಟ್ಟುಕೊಂಡು, ಸಂಜೆ ಒಂದರಿಂದ ಇನ್ನೊಂದಕ್ಕೆ ನಕಲು ಮಾಡುತ್ತಿದ್ದ ದಿನಗಳಲ್ಲಿ ಕೆಲಸಕ್ಕಿಂತ ಪಟ್ಟಿಯ ಚಾಕರಿಯೇ ದೊಡ್ಡದಾಗಿತ್ತು.

1996ರಲ್ಲಿ ಬಂದ ಪೈಲಟ್ ಎಂಬ ಅಂಗೈ ಸಾಧನವನ್ನು ಅದರ ತೊಟ್ಟಿಲಿನಲ್ಲಿಟ್ಟು ಗುಂಡಿಯೊಂದನ್ನು ಒತ್ತಿದರೆ ಪಟ್ಟಿ ಕಂಪ್ಯೂಟರಿನೊಂದಿಗೆ ಹೊಂದಿಕೊಳ್ಳುತ್ತಿತ್ತು. ಆಗ ಸಿಂಕ್ ಎಂಬುದು ನಾವೇ ಕಣ್ಣಾರೆ ನೋಡಿ ಮಾಡುವ ಕ್ರಿಯೆಯಾಗಿತ್ತು. ಈಗ ಅದು ತೆರೆಮರೆಯಲ್ಲಿ ತಾನಾಗಿಯೇ ನಡೆಯುವುದರಿಂದ, ಎಲ್ಲಿ ಎಡವಿತು ಎಂಬುದು ಎಡವಿದ ಮೇಲೆಯೇ ತಿಳಿಯುತ್ತದೆ.

ನಾನು ಮೊದಲು ನೆಚ್ಚಿಕೊಂಡದ್ದು ಸರಳವಾದ ಪಠ್ಯ ಕಡತವನ್ನು. 2006ರಲ್ಲಿ ತಂತ್ರಜ್ಞಾನ ಬರಹಗಾರ್ತಿ ಜೀನಾ ಟ್ರಪಾನಿ ರೂಪಿಸಿದ ಟುಡೂ ಟಿಎಕ್ಸ್‌ಟಿ ಪದ್ಧತಿಯಲ್ಲಿ ಒಂದು ಸಾಲು ಎಂದರೆ ಒಂದು ಕೆಲಸ. ಮುಗಿದ ಸಾಲಿನ ಮುಂದೆ ಒಂದು ಎಕ್ಸ್ ಅಕ್ಷರ. ಯಾವ ಕಂಪ್ಯೂಟರಿನಲ್ಲಾದರೂ ತೆರೆಯುವ, ಯಾವ ಕಂಪನಿ ಮುಚ್ಚಿದರೂ ಉಳಿಯುವ ಈ ರೂಪ ನನಗೆ ಇಂದಿಗೂ ಇಷ್ಟ. ಆದರೆ ಕಡತಗಳನ್ನು ಹಂಚುವ ತಂತ್ರಾಂಶಕ್ಕೆ ಸಾಲುಗಳ ಅರಿವಿಲ್ಲ, ಅದು ಕಾಣುವುದು ಇಡೀ ಕಡತವನ್ನು ಮಾತ್ರ. ನೆಟ್‌ವರ್ಕ್ ಇಲ್ಲದಾಗ ಮೊಬೈಲಿನಲ್ಲಿ ಒಂದು ಸಾಲು ಸೇರಿಸಿ, ಅಷ್ಟರಲ್ಲಿ ಕಂಪ್ಯೂಟರಿನಲ್ಲಿ ಮತ್ತೊಂದನ್ನು ಅಳಿಸಿದ್ದರೆ, ಸಂಜೆಯ ವೇಳೆಗೆ ಕಡತದ ಪಕ್ಕದಲ್ಲಿ ಅದರದೇ ಒಂದು ಜಗಳಗಂಟ ಪ್ರತಿ ಹುಟ್ಟಿರುತ್ತಿತ್ತು. ಯಾವುದು ಅಸಲು, ಯಾವುದು ನಕಲು ಎಂದು ಕೂತು ಹೋಲಿಸುವುದು ನನ್ನ ಪಾಲಿಗೆ.

ಕ್ಯಾಲೆಂಡರು ಮತ್ತು ಕೆಲಸದ ಪಟ್ಟಿಗಳನ್ನು ಸರ್ವರಿನ ಮೂಲಕ ಹಂಚಿಕೊಳ್ಳುವ ಕ್ಯಾಲ್‌ಡ್ಯಾವ್ ಎಂಬ ಪದ್ಧತಿ ಈ ತೊಡಕನ್ನು ಜಾಣತನದಿಂದ ಬಿಡಿಸುತ್ತದೆ. 2007ರಲ್ಲಿ ಆರ್‌ಎಫ್‌ಸಿ ಎಂಬ ಅಂತರ್ಜಾಲ ದಾಖಲೆಗಳ ಸರಣಿಯಲ್ಲಿ 4791ನೆಯದಾಗಿ ಪ್ರಕಟವಾದ ಈ ನಿಯಮಾವಳಿಯಲ್ಲಿ ಪ್ರತಿಯೊಂದು ಕೆಲಸವೂ ಸರ್ವರಿನಲ್ಲಿ ಬಿಡಿಯಾದ ದಾಖಲೆಯಾಗಿರುತ್ತದೆ, ಪ್ರತಿ ದಾಖಲೆಗೂ ತಿದ್ದಿದಾಗಲೆಲ್ಲ ಬದಲಾಗುವ ಇಟ್ಯಾಗ್ ಎಂಬ ಗುರುತು ಇರುತ್ತದೆ. ಮೊಬೈಲು ತನ್ನ ತಿದ್ದುಪಡಿಯನ್ನು ಕಳಿಸುವಾಗ ತಾನು ಹಿಂದೆ ಕಂಡ ಗುರುತನ್ನೂ ಜೊತೆಗೆ ಕಳಿಸಿದರೆ, ಅಷ್ಟರಲ್ಲಿ ಬೇರೆ ಯಾರೋ ಅದನ್ನು ತಿದ್ದಿದ್ದ ಪಕ್ಷದಲ್ಲಿ ಸರ್ವರು 412 ಎಂಬ ಉತ್ತರ ಕೊಟ್ಟು ನಿರಾಕರಿಸುತ್ತದೆ. ಹೀಗಾಗಿ ನಲ್ಲಿಯ ಸಾಲನ್ನು ಇಲ್ಲಿ, ವಿಮೆಯ ಸಾಲನ್ನು ಅಲ್ಲಿ ತಿದ್ದಿದರೆ ಜಗಳವೇ ಇಲ್ಲ. ಕಂಪ್ಯೂಟರಿನ ಅಂಚೆ ತಂತ್ರಾಂಶ ಥಂಡರ್‌ಬರ್ಡ್, ಆಂಡ್ರಾಯ್ಡಿನ ಪಟ್ಟಿಯ ಆಪ್ ಟಾಸ್ಕ್ಸ್ ಡಾಟ್ ಆರ್ಗ್ ಎರಡೂ ಇದನ್ನು ಬಲ್ಲವು.

ಆದರೂ ಎರಡು ಕಡೆ ನಾನು ಪೆಟ್ಟು ತಿಂದೆ. ಮೊದಲನೆಯದು ದಿನಾಂಕ. ಹನ್ನೆರಡನೇ ತಾರೀಖಿನ ಕೆಲಸವನ್ನು ಒಂದು ಆಪ್ ಬರಿಯ ದಿನಾಂಕವಾಗಿ ಬರೆಯದೆ, ಮಧ್ಯರಾತ್ರಿಯ ಗಂಟೆಯನ್ನು ಸೇರಿಸಿ ಯುಟಿಸಿ ಎಂಬ ಜಾಗತಿಕ ಪ್ರಮಾಣ ಕಾಲಕ್ಕೆ ಪರಿವರ್ತಿಸಿತು. ಗ್ರೀನ್‌ವಿಚ್‌ನ ಪೂರ್ವಕ್ಕಿರುವವರ ಹನ್ನೆರಡರ ಮಧ್ಯರಾತ್ರಿ ಅಲ್ಲಿ ಇನ್ನೂ ಹನ್ನೊಂದು, ಹಾಗಾಗಿ ತಾರೀಖನ್ನಷ್ಟೇ ಓದಿದ ಇನ್ನೊಂದು ಆಪ್ ಹನ್ನೊಂದೆಂದು ತೋರಿಸಿತು. ಎರಡನೆಯದು ತಿಂಗಳು ತಿಂಗಳೂ ಮರಳುವ ಕೆಲಸಗಳು. ಮುಗಿಯಿತೆಂದು ಒತ್ತಿದಾಗ ಒಂದು ತಂತ್ರಾಂಶ ಅದೇ ದಾಖಲೆಯನ್ನು ಮುಂದಿನ ತಿಂಗಳಿಗೆ ದೂಡಿದರೆ, ಮತ್ತೊಂದು ಇಡೀ ಸರಣಿಯೇ ಮುಗಿಯಿತೆಂದು ಮುದ್ರೆಯೊತ್ತುತ್ತದೆ. ಹೀಗೆಯೇ ನನ್ನ ಒಂದು ಕಂತು ಸದ್ದಿಲ್ಲದೆ ಪಟ್ಟಿಯಿಂದ ಮಾಯವಾಗಿತ್ತು.

ಈ ಪೇಚಾಟದ ನಡುವೆ ಹೊಳೆದ ಸಂಗತಿಯೇನೆಂದರೆ, ಕಚೇರಿಯ ಕಂಪ್ಯೂಟರಿಗೆ ನನ್ನ ಪಟ್ಟಿಯ ಪ್ರತಿಯೇ ಬೇಕಿರಲಿಲ್ಲ. ಅಲ್ಲಿ ನಾನು ಮಾಡುವುದು ನೆನಪಾದದ್ದನ್ನು ಗುರುತು ಹಾಕುವುದಷ್ಟೇ, ಮುಗಿಸುವುದಲ್ಲ. ಮೇಲಾಗಿ ಆ ಯಂತ್ರ ನನ್ನದಲ್ಲ. ಅದರಲ್ಲಿ ಸ್ವಂತ ಖಾತೆಯನ್ನು ಕಾಯಂ ಆಗಿ ಕೂರಿಸುವುದೂ ಸಲ್ಲದು, ಕಚೇರಿಯ ಖಾತೆಯನ್ನು ಯೋಚಿಸದೆ ಮೊಬೈಲಿಗೆ ಸೇರಿಸುವುದೂ ಸಲ್ಲದು. ಕಚೇರಿಯ ಅಂಚೆಯನ್ನು ಫೋನಿಗೆ ತರುವ ಮೈಕ್ರೋಸಾಫ್ಟಿನ ಎಕ್ಸ್‌ಚೇಂಜ್ ಆಕ್ಟಿವ್‌ಸಿಂಕ್‌ನಲ್ಲಿ ದೂರದಿಂದಲೇ ಫೋನನ್ನು ಅಳಿಸುವ ಆಜ್ಞೆಯಿದೆ ಎಂಬುದು ಅನೇಕರಿಗೆ ಗೊತ್ತಿಲ್ಲ. ಕಚೇರಿಯ ಅಂಚೆ ಫೋನಿನಲ್ಲಿ ಬೇಕೇ ಬೇಕೆನ್ನುವವರಿಗೆ ಕಚೇರಿಯ ಆಪ್‌ಗಳನ್ನು ಸ್ವಂತದವುಗಳಿಂದ ಬೇರೆಯಾಗಿಡುವ ಆಂಡ್ರಾಯ್ಡಿನ ವರ್ಕ್ ಪ್ರೊಫೈಲ್ ಎಂಬ ಗೋಡೆ ಒಳ್ಳೆಯದು.

ಈಗ ಪಟ್ಟಿಯ ವಾಸ ಮೊಬೈಲಿನಲ್ಲಿ. ಕಚೇರಿಯಲ್ಲಿ ಅನುಮತಿಯಿರುವ ಬ್ರೌಸರಿನ ಖಾಸಗಿ ಕಿಟಕಿಯಲ್ಲಿ ಅದರ ಜಾಲಪುಟವನ್ನು ತೆರೆದು, 'ವಿಂಗಡಿಸಬೇಕಾದದ್ದು' ಎಂಬ ಒಂದೇ ವಿಭಾಗಕ್ಕೆ ಸಾಲುಗಳನ್ನು ಸೇರಿಸುತ್ತೇನೆ. ದಿನಾಂಕ, ಆದ್ಯತೆ ಯಾವುದನ್ನೂ ಅಲ್ಲಿ ಮುಟ್ಟುವುದಿಲ್ಲ. ಸಂಜೆ ಮೊಬೈಲಿನಲ್ಲಿ ಅವನ್ನು ವಿಂಗಡಿಸುವಾಗ ಅರ್ಧಕ್ಕರ್ಧ ಕೆಲಸಗಳು ಬೇಡವೆನಿಸಿ ಅಳಿಸಿಹೋಗುತ್ತವೆ. ಜ್ಞಾಪನೆಯ ಗಂಟೆ ಬಾರಿಸುವ ಹಕ್ಕೂ ಮೊಬೈಲಿಗೆ ಮಾತ್ರ, ಮರಳುವ ಕೆಲಸಗಳಿಗೆ ಮುಗಿಯಿತೆಂಬ ಗುರುತು ಹಾಕುವುದೂ ಅಲ್ಲಿಯೇ. ಆ ಕಂತಿನ ಸರಣಿಯನ್ನು ಹೊಸದಾಗಿ ಬರೆದು, ದಿನಾಂಕವನ್ನು ಒಂದು ವಾರ ಮುಂಚಿತವಾಗಿಯೇ ಇಟ್ಟಿದ್ದೇನೆ.