ಕೊನೆಯ 16 ಪುಟ ಇಲ್ಲದ ಪುಸ್ತಕ

ರಾತ್ರಿ ಒಂಬತ್ತೂವರೆಗೆ ಫೋನ್ ಬಂತು. ಊಟಕ್ಕೆ ಕೂತಿದ್ದೆ.

"ಅಕ್ಕಾರ, ಈ ಪುಸ್ತಕ ಬರದವ್ರು ನೀವ ಏನ್ರಿ? ಕೊಲಿ ಮಾಡಿದಾಂವ ಯಾರ್ರಿ?"

ಇಂಡಿಯಿಂದ ಒಬ್ಬ ಬಸ್ ಕಂಡಕ್ಟರ್ ಮಾಡಿದ್ದರು. ಡ್ಯೂಟಿ ಮುಗಿಸಿ ಓದಲು ಕೂತಿದ್ದಾರೆ. 144ನೇ ಪುಟದಲ್ಲಿ ಇನ್ಸ್‌ಪೆಕ್ಟರ್ ಬಾಗಿಲು ತೆಗೆಯುತ್ತಾನೆ. ಹಾಳೆ ತಿರುವಿದರೆ ಮತ್ತೆ 129ನೇ ಪುಟ. ಅದೇ ಕಥೆ, ಅದೇ ಬಾಗಿಲು. ಆಮೇಲೆ ಹಿಂಬದಿಯ ರಟ್ಟು.

ನಾನು ವಿಜಯಪುರದಲ್ಲಿ ಒಂದು ಚಿಕ್ಕ ಡಿಟಿಪಿ ಅಂಗಡಿ ನಡೆಸುತ್ತೇನೆ. ಲಗ್ನಪತ್ರಿಕೆ, ಹ್ಯಾಂಡ್‌ಬಿಲ್, ಕಾಲೇಜು ಹುಡುಗರ ಪ್ರಾಜೆಕ್ಟ್ ವರದಿ, ಇವೇ ನನ್ನ ಅನ್ನ. ಸಂಜೆ ಶಟರ್ ಎಳೆದ ಮೇಲೆ ಅದೇ ಕಂಪ್ಯೂಟರ್‌ನಲ್ಲಿ ಪತ್ತೇದಾರಿ ಕಾದಂಬರಿ ಬರೆಯುತ್ತೇನೆ. ಪುಟ ಜೋಡಿಸುವುದೂ ನಾನೇ, ಕರಡು ತಿದ್ದುವುದೂ ನಾನೇ. ಅಚ್ಚು ಮತ್ತು ಬೈಂಡಿಂಗ್ ಮಾತ್ರ ಹೊರಗೆ. ಇದು ನನ್ನ ಮೂರನೇ ಕಾದಂಬರಿಯಲ್ಲಿ ಆದದ್ದು.

ಅಚ್ಚಿನ ಕೆಲಸ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಒಂದು ದೊಡ್ಡ ಹಾಳೆಯ ಎರಡೂ ಬದಿಗೆ ಎಂಟೆಂಟು ಪುಟ ಅಚ್ಚಾಗುತ್ತವೆ. ಮಡಚಿದರೆ 16 ಪುಟ. ಅದನ್ನು ಒಂದು ಫಾರಂ ಅನ್ನುತ್ತೇವೆ. ನನ್ನ ಕಾದಂಬರಿ 160 ಪುಟ, ಅಂದರೆ ಹತ್ತು ಫಾರಂ. ಬೈಂಡಿಂಗ್‌ನಲ್ಲಿ ಫಾರಂಗಳ ರಾಶಿಗಳನ್ನು ಸಾಲಾಗಿ ಇಟ್ಟುಕೊಂಡು ಒಂದೊಂದೇ ಎತ್ತಿ ಸೇರಿಸುತ್ತಾರೆ. ಅಲ್ಲಿ ಯಾರದೋ ಕೈ ತಪ್ಪಿತ್ತು. ಒಂದಷ್ಟು ಪ್ರತಿಗಳಿಗೆ ಒಂಬತ್ತನೇ ಫಾರಂ ಎರಡು ಸಲ ಬಿದ್ದಿತ್ತು, ಹತ್ತನೆಯದು ಇರಲೇ ಇಲ್ಲ. ಬೇರೆ ಯಾವ ಕಾದಂಬರಿಗೆ ಹೀಗಾದರೂ ಬೇಜಾರು. ಕೊಲೆಗಾರ ಯಾರು ಅಂತ ಕೊನೆಗೆ ಹೇಳುವ ಕಾದಂಬರಿಗೆ ಹೀಗಾದರೆ ಏನು ಉಳಿಯಿತು?

ಕಂಡಕ್ಟರ್ ಅಣ್ಣಾರಿಗೆ ಕ್ಷಮೆ ಕೇಳಿದೆ. ಉಳಿದ ಪುಟ ಕಳಿಸ್ತೀನ್ರಿ, ವಿಳಾಸ ಕೊಡ್ರಿ ಅಂದೆ. ಅವರು ವಿಳಾಸ ಕೊಡಲಿಲ್ಲ.

"ತಡೀರಿ. ಮೊದಲ ನಾ ಹೇಳ್ತೀನಿ. ಗುಮಾಸ್ತ ಹೌದಿಲ್ರಿ?"

ಹೌದು, ಗುಮಾಸ್ತನೇ. ಹೇಗೆ ಗೊತ್ತಾಯ್ತು ಅಂತ ಕೇಳಿದೆ. ಕೋಲ್ಡ್ ಸ್ಟೋರೇಜ್ ರಸೀದಿಯ ತಾರೀಖು ಅಂದರು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ನನ್ನ ಎರಡು ಪುಸ್ತಕ ಅದಾಗಲೇ ಬಂದಿದ್ದವು. ಬಿಡುಗಡೆ ಕಾರ್ಯಕ್ರಮ ಮಾಡಿದ್ದೆ, ಶಾಲು ಹೊದಿಸಿದ್ದರು, ಚೆನ್ನಾಗಿದೆ ಎಂದಿದ್ದರು. ಆದರೆ ಓದುವಾಗ ಒಬ್ಬ ಓದುಗರ ತಲೆಯಲ್ಲಿ ಏನು ನಡೀತಿರುತ್ತೆ ಅಂತ ಅವತ್ತಿನವರೆಗೆ ಯಾರೂ ನನಗೆ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಮುಂದಿನ ಎರಡು ತಿಂಗಳಲ್ಲಿ ಅಂಥವೇ ಹನ್ನೊಂದು ಕರೆ ಬಂದವು. ಕಂಡಕ್ಟರ್ ಅಣ್ಣಾರು ಕಲಿಸಿದ್ದನ್ನು ಎಲ್ಲರಲ್ಲೂ ಮಾಡಿದೆ. ಪುಟ ಖಂಡಿತ ಕಳಿಸ್ತೀನಿ, ಅದಕ್ಕೂ ಮುಂಚೆ ನಿಮ್ಮ ಲೆಕ್ಕದಲ್ಲಿ ಯಾರು ಅಂತ ಹೇಳ್ರಿ ಅಂದೆ. ಬೇಜಾರು ಮಾಡಿಕೊಂಡು ಫೋನ್ ಮಾಡಿದವರೂ ಆ ಪ್ರಶ್ನೆಗೆ ಅರ್ಧ ಗಂಟೆ ಮಾತಾಡಿದರು. ಲಗ್ನಪತ್ರಿಕೆಯ ಆರ್ಡರ್ ಬರೆದುಕೊಳ್ಳುವ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಎಲ್ಲವನ್ನೂ ಬರೆದಿಟ್ಟೆ.

ರಸೀದಿಯ ತಾರೀಖು ನನ್ನ ಮುಖ್ಯ ಸುಳಿವು. ಓದುಗರು ಗಮನಿಸದೇ ಹೋದರೆ ಅನ್ನೋ ಭಯದಿಂದ ಅದನ್ನು ಮೂರು ಕಡೆ ಬರೆದಿದ್ದೆ. ಬೇಕಾಗಿರಲಿಲ್ಲ. ಹನ್ನೊಂದರಲ್ಲಿ ಎಂಟು ಮಂದಿ ಮೊದಲ ಸಲವೇ ಹಿಡಿದಿದ್ದರು. "ಮತ್ತ ಮತ್ತ ಯಾಕ ಹೇಳೀರಿ, ನಮಗ ತಿಳಿಯಂಗಿಲ್ಲ ಅಂತೇನ್ರಿ?" ಅಂತ ಸಿಂದಗಿಯ ನರ್ಸಿಂಗ್ ಓದುವ ಹುಡುಗಿ ಕೇಳಿದಳು. ಸರಿಯಾಗಿಯೇ ಕೇಳಿದಳು.

ಇನ್ನೊಂದು ಕಡೆ, 38ನೇ ಪುಟದಲ್ಲಿ ಬಾಗಿಲ ಹೊರಗೆ ಒಂದು ಹಿತ್ತಾಳೆ ತಂಬಿಗೆ ಇಟ್ಟಿದ್ದೆ. ಸುಮ್ನೆ. ಮನೆ ಕಣ್ಣಿಗೆ ಕಟ್ಟಲಿ ಅಂತ ಬರೆದದ್ದು, ಆಮೇಲೆ ಮರೆತದ್ದು. ಆರು ಜನ ಆ ತಂಬಿಗೆ ಏನಾಯ್ತು ಅಂತ ಕೇಳಿದರು! ಬಾಗಲಕೋಟೆ ನವನಗರದ ಒಬ್ಬ ನಿವೃತ್ತ ಮಾಸ್ತರರು ಫೋನ್ ಇಟ್ಟ ಮೇಲೂ ಬಿಡಲಿಲ್ಲ, ಕಾರ್ಡು ಬರೆದರು. "ತಂಬಿಗೆಯ ವಿಚಾರ ಹತ್ತನೇ ಫಾರಂನಲ್ಲಿ ಇದೆ ಎಂದು ನಂಬಿದ್ದೇನೆ" ಎಂದಿತ್ತು ಅದರಲ್ಲಿ. ಇರಲಿಲ್ಲ. ಅವರಿಗೆ ಹಾಗೇ ಬರೆದು ಒಪ್ಪಿಕೊಂಡೆ. ಮನೆಯ ಸಾಮಾನು ಬೇರೆ ಕಾದಂಬರಿಯಲ್ಲಿ ಬರೀ ಸಾಮಾನು ಆಗಿರಬಹುದು. ಕೊಲೆ ನಡೆದ ಮನೆಯಲ್ಲಿ ಹೆಸರು ಹೇಳಿ ಇಟ್ಟ ಪ್ರತಿಯೊಂದನ್ನೂ ಓದುಗ ಎತ್ತಿ ಜೇಬಿಗೆ ಹಾಕಿಕೊಳ್ಳುತ್ತಾನೆ. ಕೊನೆಗೆ ಲೆಕ್ಕ ಕೇಳುತ್ತಾನೆ.

ಎಲ್ಲಕ್ಕಿಂತ ದೊಡ್ಡ ಪಾಠ ತಿಕೋಟಾದ ದ್ರಾಕ್ಷಿ ಬೆಳೆಗಾರ ಕಾಕಾ ಅವರದು. ನನ್ನ ಕಥೆಯಲ್ಲಿ ಒಣದ್ರಾಕ್ಷಿಯ ದಲಾಲಿ ಒಬ್ಬ ಶೆಡ್ಡಿನಲ್ಲಿ ಸತ್ತು ಬಿದ್ದಿರುತ್ತಾನೆ. ಶ್ರಾವಣದ ಮಳೆ. ಶೆಡ್ಡಿನ ತುಂಬ ಗಂಧಕದ ಹೊಗೆಯ ವಾಸನೆ. ಒಣದ್ರಾಕ್ಷಿಗೆ ಒಳ್ಳೆ ಬಣ್ಣ ಬರಲಿ ಅಂತ ಗಂಧಕದ ಹೊಗೆ ಕೊಡುತ್ತಾರೆ, ಅದು ನನಗೆ ಗೊತ್ತಿತ್ತು. ಕಾಕಾ ಕೇಳಿದರು:

"ಯವ್ವಾ, ಶ್ರಾವಣದಾಗ ಶೆಡ್ಡಿನಾಗ ಹಣ್ಣ ಎಲ್ಲಿರ್ತದ?"

ಆಮೇಲೆ ಅವರೇ ಬಿಡಿಸಿ ಹೇಳಿದರು. ನಮ್ಮ ಕಡೆ ಬಳ್ಳಿಗೆ ವರ್ಷಕ್ಕೆ ಎರಡು ಸಲ ಚಾಟ್ನಿ, ಅಂದರೆ ಕಡ್ಡಿ ಕತ್ತರಿಸುವುದು. ಏಪ್ರಿಲ್‌ನಲ್ಲಿ ಕತ್ತರಿಸುವುದು ಹೊಸ ಕಡ್ಡಿ ಬರಲಿ ಅಂತ, ಅಕ್ಟೋಬರ್‌ನಲ್ಲಿ ಕತ್ತರಿಸುವುದು ಹಣ್ಣಿಗೆ. ಹಣ್ಣು ಕೈಗೆ ಬರುವುದು ಶಿವರಾತ್ರಿಯ ಆಸುಪಾಸು. ಒಣಗಿಸುವುದು ಬೇಸಿಗೆಯ ಬಿಸಿಲು ಮತ್ತು ಗಾಳಿಗೆ. ಹೆಚ್ಚು ಕಡಿಮೆ ನಾಲ್ಕು ಕಿಲೋ ಹಣ್ಣು ಒಣಗಿದರೆ ಒಂದು ಕಿಲೋ ಒಣದ್ರಾಕ್ಷಿ. ಶ್ರಾವಣದ ಹೊತ್ತಿಗೆ ಮಾಲು ಕೋಲ್ಡ್ ಸ್ಟೋರೇಜ್ ಸೇರಿರುತ್ತದೆ. ಶೆಡ್ಡು ಖಾಲಿ.

ತಪ್ಪು ನನ್ನದೇ. ವಿಜಯಪುರದಲ್ಲೇ ಹುಟ್ಟಿ ಬೆಳೆದವಳು ನಾನು. ತಿಕೋಟಾ ಇಲ್ಲಿಂದ ಎಷ್ಟು ದೂರ? ಒಂದು ಸಲ ಹೋಗಿ ನೋಡಿ ಬರಬೇಕಿತ್ತು. ಆದರೆ ಕಾಕಾ ಅದನ್ನು ತಪ್ಪು ಅಂತ ತಿಳಿದೇ ಇರಲಿಲ್ಲ. ಬೇಕಂತಲೇ ಇಟ್ಟ ಸುಳಿವು ಅಂದುಕೊಂಡಿದ್ದರು. ಹಣ್ಣಿಲ್ಲದ ಶೆಡ್ಡಿನಲ್ಲಿ ಗಂಧಕ ಯಾರೋ ಹೊರಗಿನವರು ಹಚ್ಚಿದ್ದಾರೆ. ಬೆಳೆಗಾರನಿಗಾಗಲಿ, ಗುಮಾಸ್ತನಿಗಾಗಲಿ ಸೀಜನ್ ಗೊತ್ತು, ಅವರು ಹಚ್ಚುವುದಿಲ್ಲ. ಹಾಗಾಗಿ ಕೊಲೆ ಮಾಡಿದ್ದು ಬೆಂಗಳೂರಿನ ಅಳಿಯ.

ನಾನು ಬರೆದದ್ದಕ್ಕಿಂತ ಅದು ಚೆನ್ನಾಗಿತ್ತು. ಎಷ್ಟೋ ಚೆನ್ನಾಗಿತ್ತು. ನನ್ನ ಮೇಲೆ ಅಷ್ಟು ನಂಬಿಕೆ ಇಟ್ಟು ಓದಿದ್ದರಲ್ಲ, ಅದು ಮನಸ್ಸಿಗೆ ತಟ್ಟಿತು. ಬರೆದಾಕೆ ಕಾರಣ ಇಲ್ಲದೆ ಏನನ್ನೂ ಬರೆಯುವುದಿಲ್ಲ ಅಂತ ಅವರು ನಂಬಿದ್ದರು. ಆ ನಂಬಿಕೆ ಉಳಿಸಿಕೊಳ್ಳುವುದೇ ನನ್ನ ಕೆಲಸ ಅಂತ ನನಗೆ ಹೊಳೆದದ್ದು ಅವತ್ತು.

ಈ ಬಗೆಯ ಬರವಣಿಗೆಯಲ್ಲಿ ಇದೆಲ್ಲ ಹೊಸದೇನಲ್ಲ ಅಂತ ಆಮೇಲೆ ಓದಿ ತಿಳಿದುಕೊಂಡೆ. ಅಮೆರಿಕದಲ್ಲಿ ಇಬ್ಬರು ಕಸಿನ್‌ಗಳು ಎಲ್ಲರಿ ಕ್ವೀನ್ ಅನ್ನೋ ಒಂದೇ ಹೆಸರಿನಲ್ಲಿ 1929ರಿಂದ ಪತ್ತೇದಾರಿ ಬರೆದರು. ಅವರ ಮೊದಮೊದಲ ಕಾದಂಬರಿಗಳಲ್ಲಿ ಕೊನೆಗೆ ಮುಂಚೆ ಕಥೆ ನಿಲ್ಲುತ್ತಿತ್ತು. ಬೇಕಾದ ಸುಳಿವೆಲ್ಲ ಈಗ ನಿಮ್ಮ ಕೈಯಲ್ಲಿದೆ, ನೀವೇ ಬಿಡಿಸಿ ಅಂತ ಓದುಗರಿಗೆ ನೇರವಾಗಿ ಸವಾಲು ಹಾಕುತ್ತಿದ್ದರು. ನನಗೆ ಬೈಂಡಿಂಗ್ ತಪ್ಪಿನಿಂದ ಆದದ್ದನ್ನು ಅವರು ಬೇಕಂತಲೇ ಮಾಡಿದ್ದರು.

ನಮ್ಮಲ್ಲೂ ಓದುಗರ ಹತ್ತಿರ ಹೋದವರು ಇದ್ದಾರೆ. ಗಳಗನಾಥರು ಐತಿಹಾಸಿಕ ಕಾದಂಬರಿ ಬರೆದು, ಪುಸ್ತಕದ ಗಂಟು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಎನ್. ನರಸಿಂಹಯ್ಯನವರು ಓದಿದ್ದು ನಾಲ್ಕನೇ ತರಗತಿ, ಬರೆದದ್ದು 500ಕ್ಕೂ ಹೆಚ್ಚು ಕಾದಂಬರಿ. ಅವರ ಪತ್ತೇದಾರಿ ಕಥೆಗಳ ಹುಚ್ಚಿನಿಂದಲೇ ನನ್ನ ಅಪ್ಪ ಸರಾಗವಾಗಿ ಓದಲು ಕಲಿತರು. ಇದು ಸಣ್ಣ ಸಾಹಿತ್ಯ, ಟೈಂಪಾಸ್ ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತೆ. ಇಷ್ಟು ಎಚ್ಚರವಾಗಿ ಓದುವ ಜನ ಬೇರೆ ಎಲ್ಲಿ ಸಿಗುತ್ತಾರೆ?

ಹತ್ತನೇ ಫಾರಂ ಬೇರೆ ಅಚ್ಚು ಮಾಡಿಸಿ ಎಲ್ಲರಿಗೂ ಅಂಚೆಯಲ್ಲಿ ಕಳಿಸಿದೆ. ಎರಡನೇ ಮುದ್ರಣದಲ್ಲಿ ಕೊಲೆಯನ್ನು ಶಿವರಾತ್ರಿ ಮುಗಿದ ವಾರಕ್ಕೆ ತಂದೆ, ರಸೀದಿ ಒಂದೇ ಸಲ ಬಂತು, ತಂಬಿಗೆ ಹೋಯಿತು. ಕಾಕಾ ಅವರ ಅಳಿಯನ ಉಪಾಯವನ್ನು ಅವರನ್ನು ಕೇಳಿಯೇ ನಾಲ್ಕನೇ ಕಾದಂಬರಿಗೆ ತೆಗೆದುಕೊಂಡೆ. ಅದನ್ನು ಬರೆಯುವ ಮುಂಚೆ ಅವರ ಶೆಡ್ಡಿನಲ್ಲಿ ಎರಡು ದಿನ ಕೂತು ಬಂದೆ.

ಈಗ ಇದು ನನ್ನ ಕೆಲಸದ ಕ್ರಮವೇ ಆಗಿದೆ. ಹೊಸ ಕಾದಂಬರಿ ಅಚ್ಚಿಗೆ ಕೊಡುವ ಮೊದಲು ಐದಾರು ಪ್ರಿಂಟ್ ತೆಗೆದು ಸ್ಪೈರಲ್ ಹಾಕುತ್ತೇನೆ. ಕೊನೆಯ 16 ಪುಟ ನನ್ನ ಹತ್ತಿರವೇ ಇರುತ್ತವೆ. ಓದುವವರಲ್ಲಿ ಯಾರೂ ಬರಹಗಾರರಲ್ಲ. ಹೇಗಿದೆ ಅಂತ ಕೇಳುವುದಿಲ್ಲ, ಕೇಳಿದರೆ ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ಯಾರು, ಯಾಕೆ, ಯಾವ ಪುಟದಲ್ಲಿ ಅನುಮಾನ ಬಂತು, ಇಷ್ಟನ್ನೇ ಕೇಳುತ್ತೇನೆ. ಎಲ್ಲರಿಗೂ 60ನೇ ಪುಟದಲ್ಲೇ ಗೊತ್ತಾದರೆ ಮತ್ತೆ ಬರೆಯುತ್ತೇನೆ. ಒಬ್ಬರಿಗೂ ಗೊತ್ತಾಗದಿದ್ದರೂ ಮತ್ತೆ ಬರೆಯುತ್ತೇನೆ. ಆಗ ನಾನು ಏನನ್ನೋ ಮುಚ್ಚಿಟ್ಟಿದ್ದೇನೆ ಅಂತಲೇ ಅರ್ಥ ಅಲ್ವಾ?

ಐದನೆಯದರ ಪ್ರತಿ ಹೋದ ವಾರ ಇಂಡಿಗೆ ಹೋಯಿತು. ನಿನ್ನೆ ರಾತ್ರಿ ಒಂಬತ್ತೂವರೆಗೆ ಫೋನ್.

"ಅಕ್ಕಾರ, ಏನೂ ಹೇಳಬ್ಯಾಡ್ರಿ. ಎಪ್ಪತ್ತೊಂದನೇ ಪುಟ ತಗೀರಿ."

ತಟ್ಟೆ ಪಕ್ಕಕ್ಕಿಟ್ಟು ಪೆನ್ಸಿಲ್ ಹುಡುಕಿದೆ.