ಲಾನ್ ಕೆದರುವ ಅಳಿಲಿಗೆ ವಿಷ ಇಡಬೇಡಿ, ಮೊದಲು ಮಣ್ಣು ನೋಡಿ

ಮಳೆ ಶುರುವಾದ ಮೇಲೆ ಜೇವರ್ಗಿ ರಸ್ತೆ ಕಡೆಯ ನಮ್ಮ ಕಾಲೊನಿಯಲ್ಲಿ ಎಲ್ಲರದ್ದೂ ಒಂದೇ ದೂರು: ಮನೆ ಮುಂದಿನ ಹುಲ್ಲನ್ನು ಅಳಿಲು ಕೆದರಿ ಹಾಕುತ್ತಿದೆ. ಕಲಬುರಗಿಯಲ್ಲಿ ಲಾನ್ ಬೆಳೆಸುವುದು ಸುಲಭದ ಮಾತಲ್ಲ. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಬಿಸಿಲು, ಬಿರುಕು ಬಿಡುವ ಎರೆಮಣ್ಣು, ಕೈಕೊಡುವ ಬೋರ್‌ವೆಲ್, ಇಷ್ಟರ ನಡುವೆ ಒಂದಿಷ್ಟು ಹಸಿರು ಉಳಿಸಿಕೊಂಡವರಿಗೆ ಸಿಟ್ಟು ಬರೋದು ಸಹಜ ಅಲ್ವಾ. ಆದರೆ ಪಕ್ಕದ ಮನೆ ಕಾಕಾ "ಇಲಿ ಪಾಷಾಣ ಇಟ್ಟುಬಿಡ್ರಿ, ಎರಡು ದಿನದಾಗ ಮುಗೀತದ" ಅಂದಾಗ ನನಗೆ ಸುಮ್ಮನಿರಲು ಆಗಲಿಲ್ಲ.

ಮೊದಲು ತೋಡುತ್ತಿರುವುದು ಯಾರು ಅಂತ ನೋಡಿ. ಅಳಿಲು ಹಗಲಲ್ಲಿ ಓಡಾಡುವ ಪ್ರಾಣಿ, ಕತ್ತಲಾದರೆ ಗೂಡು ಸೇರಿಬಿಡುತ್ತದೆ. ಹೆಚ್ಚೆಂದರೆ 100 ಗ್ರಾಂ ಆಸುಪಾಸಿನ ಜೀವ ಅದು, ಅದರ ಗುಂಡಿ ಒಂದೆರಡು ಇಂಚು ಆಳ ಇರುತ್ತದೆ, ಅಷ್ಟೇ. ರಾತ್ರಿ ಚೆನ್ನಾಗಿದ್ದ ಲಾನ್‌ನಲ್ಲಿ ಬೆಳಗಾಗುವಷ್ಟರಲ್ಲಿ ದೊಡ್ಡ ಬಿಲ, ಬಾಯಲ್ಲಿ ಮಣ್ಣಿನ ಗುಡ್ಡೆ ಕಂಡರೆ ಅದು ಹೆಗ್ಗಣದ ಕೆಲಸ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕೋದು ಬೇಡ.

ಇನ್ನು ಅಳಿಲೇ ಅಂತ ಖಾತ್ರಿಯಾದರೆ, ಅದು ಅಲ್ಲೇ ಯಾಕೆ ಕೆದರುತ್ತಿದೆ? ಹಳದಿಯಾದ ಜಾಗದಲ್ಲಿ ಒಂದು ಹಿಡಿ ಹುಲ್ಲು ಹಿಡಿದು ಎಳೆಯಿರಿ. ಬೇರಿಲ್ಲದೆ ಕೈಗೇ ಎದ್ದು ಬಂದರೆ ಕೆಳಗೆ ಗೊಣ್ಣೆಹುಳು ಇದೆ ಅಂತ ಅರ್ಥ. ಬೆಳ್ಳಗೆ, ದಪ್ಪಗೆ, ಬಾಗಿ ಮಲಗಿರುತ್ತದೆ. ಮೊದಲ ಮಳೆ ಬಿದ್ದಾಗ ಸಂಜೆ ದೀಪಕ್ಕೆ ಬಂದು ಬೀಳುವ, ಬೇವಿನ ಎಲೆ ತಿನ್ನುವ ಕಂದು ಜೀರುಂಡೆ ಇದೆಯಲ್ಲ, ಅದರದೇ ಮರಿ ಇದು. ಅವು ಮಣ್ಣಲ್ಲಿ ಮೊಟ್ಟೆ ಇಡುತ್ತವೆ, ಮರಿ ಮಳೆಗಾಲವಿಡೀ ಬೇರು ತಿನ್ನುತ್ತದೆ. ಅಳಿಲು ಕಾಳು, ಹಣ್ಣು ಮಾತ್ರ ತಿನ್ನುವುದಿಲ್ಲ, ಹುಳುವನ್ನೂ ತಿನ್ನುತ್ತದೆ. ಹುಲ್ಲು ಹಾಳು ಮಾಡಿದ್ದು ಹುಳು, ಕಣ್ಣಿಗೆ ಬಿದ್ದದ್ದು ಅಳಿಲು.

ಅದಕ್ಕೆ ಬೇವಿನ ಹಿಂಡಿ ಪುಡಿ ಮಾಡಿ ಹರಡಿ ನೀರು ಬಿಡಿ. ಹುಳು ಜಾಸ್ತಿ ಇದ್ದರೆ ಮೆಟಾರೈಜಿಯಂ ಅನ್ನೋ ಶಿಲೀಂಧ್ರದ ಪುಡಿ ಸಿಗುತ್ತದೆ, ಕಬ್ಬಿನ ರೈತರು ಗೊಣ್ಣೆಹುಳುವಿಗೆ ಬಳಸುವುದು ಇದನ್ನೇ. ಚೆನ್ನಾಗಿ ಕಳಿತ ತಿಪ್ಪೆಗೊಬ್ಬರದ ಜೊತೆ ಬೆರೆಸಿ, ಮಣ್ಣು ಹಸಿ ಇರುವಾಗ, ಬಿಸಿಲು ಇಳಿದ ಮೇಲೆ ಹಾಕಬೇಕು. ನಮ್ಮ ಬಿಸಿಲಲ್ಲಿ ಮಧ್ಯಾಹ್ನ ಹಾಕಿದರೆ ಆ ಶಿಲೀಂಧ್ರ ಸತ್ತೇ ಹೋಗುತ್ತದೆ. ಪ್ರಮಾಣದ ಬಗ್ಗೆ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ.

ಹುಳು ಇಲ್ಲದಿದ್ದರೂ ಕೆದರುತ್ತವೆ, ಹೌದು. ಓಣಿಯಲ್ಲಿ ಯಾರಾದರೂ ಪ್ರೀತಿಯಿಂದ ಶೇಂಗಾ ಹಾಕುತ್ತಿದ್ದರೆ ಅದನ್ನು ತಂದು ಮೆತ್ತಗಿನ ಮಣ್ಣಲ್ಲಿ ಹುಗಿದಿಡುತ್ತವೆ. ನಮ್ಮ ಲಾನ್ ನಡುವೆ ಶೇಂಗಾ ಗಿಡ ಹುಟ್ಟಿದ್ದು ಹಾಗೇ. ಹೊಸದಾಗಿ ಹುಲ್ಲು ಹಚ್ಚಿದ ಜಾಗಕ್ಕೆ ಇದರ ಕಾಟ ಜಾಸ್ತಿ, ಯಾಕಂದ್ರೆ ಮಣ್ಣು ಇನ್ನೂ ಕೂತಿರುವುದಿಲ್ಲ. ಅಲ್ಲಿ ತೆಳು ತಂತಿಯ ಕೋಳಿ ಜಾಳಿಗೆ ಹಾಸಿ, ಅಂಚಿಗೆ ಬಗ್ಗಿಸಿದ ತಂತಿ ಚುಚ್ಚಿ ನೆಲಕ್ಕೆ ಬಿಗಿ ಮಾಡಿ. ಹುಲ್ಲು ಕಣ್ಣುಗಳ ನಡುವೆ ಮೇಲೆ ಬರುತ್ತದೆ, ಅಳಿಲಿಗೆ ತೋಡಲು ಆಗುವುದಿಲ್ಲ. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆ ಉಪಾಯ ಇಲ್ಲ. ಖಾರದ ಪುಡಿ ಉದುರಿಸೋದನ್ನು ನಾನು ಒಪ್ಪಲ್ಲ. ಒಂದು ಸಲ ನೀರು ಬಿಟ್ಟರೆ ತೊಳೆದು ಹೋಗುತ್ತದೆ, ಅಷ್ಟರೊಳಗೆ ಆ ಪ್ರಾಣಿಯ ಕಣ್ಣು ಉರಿದಿರುತ್ತದೆ.

ಪಾಷಾಣವಂತೂ ಬೇಡವೇ ಬೇಡ. ಅಳಿಲಿಗೆ ಇಟ್ಟದ್ದನ್ನು ನಾಯಿ ತಿನ್ನಬಹುದು, ಆಡುವ ಮಗು ಮುಟ್ಟಬಹುದು. ಸತ್ತ ಅಳಿಲನ್ನು ತಿಂದ ಬೆಕ್ಕಿಗೂ ಗೂಬೆಗೂ ಅಪಾಯ. ಆ ಗೂಬೆಯೇ ರಾತ್ರಿ ಹೆಗ್ಗಣದ ಮರಿ ಹಿಡಿಯುವುದು.

ಬೇಸಿಗೆಯಲ್ಲಿ ಡ್ರಿಪ್ ಪೈಪ್ ಕಡಿಯುವ ಕಾಟವೂ ಇದೆ. ನಾವು ಬೇವಿನ ಮರದ ನೆರಳಿಗೆ, ಲಾನ್‌ನಿಂದ ದೂರ, ಒಂದು ಬೋಗುಣಿ ನೀರು ಇಡಲು ಶುರು ಮಾಡಿದ ಮೇಲೆ ಪೈಪ್ ಬದಲಿಸೋದು ಕಡಿಮೆಯಾಯಿತು. ನೀವು ಇಡುವುದಾದರೆ ಒಳಗೊಂದು ಕಲ್ಲು ಇಡಿ, ಮರಿ ಅಳಿಲು ಬಿದ್ದರೆ ಹತ್ತಿ ಬರಲು ಬೇಕು. ನೀರನ್ನು ದಿನಾ ಬದಲಿಸಿ, ಇಲ್ಲದಿದ್ದರೆ ಸೊಳ್ಳೆ ಮರಿ ಆಗುತ್ತವೆ.